ಅಪ್ಪನ ಎಡಗೈಗೆ ಏನು ಕೆಲಸ?

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತ ಮಾಮೂಲಿ ಕಾರಣ ಹೇಳಿದರೆ ನೀವ್ಯಾರೂ ನಂಬೋದಿಲ್ಲ, ಹಾಗಾಗಿ ಅದು ಬಿಡಿ. ಈ ಸಲ ಬರೆಯೋಕೆ ಕೂತದ್ದು ಒಂದು ಟವೆಲ್ಲಿನ ದೆಸೆಯಿಂದ.

ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗಿದ್ದೆ. ಅಪ್ಪ ರಿಟೈರ್ ಆದಾಗ ನಾನು ಕೊಡಿಸಿದ್ದ ಕೀಬೋರ್ಡು ಹಾಲಿನ ಮೂಲೆಯಲ್ಲಿತ್ತು. ಅದರ ಮೇಲೆ ಒಂದು ಹಳೇ ಟವೆಲ್ಲು, ಟವೆಲ್ಲಿನ ಮೇಲೆ ಕರೆಂಟ್ ಬಿಲ್ಲು, ಬಿಲ್ಲಿನ ಮೇಲೆ ಅಪ್ಪನ ಕನ್ನಡಕದ ಡಬ್ಬಿ. ನಮ್ಮ ಮನೆಯಲ್ಲಿ ಯಾವ ವಸ್ತುವಿನ ಮೇಲೆ ಕರೆಂಟ್ ಬಿಲ್ ಬಂದು ಕೂರುತ್ತೋ ಆ ವಸ್ತುವಿನ ಆಯಸ್ಸು ಮುಗಿದಂತೆಯೇ. ಟ್ರೆಡ್‌ಮಿಲ್ಲೂ ಹೀಗೇ ಹೋಗಿದ್ದು.

"ಯಾಕಪ್ಪಾ, ನುಡಿಸ್ತಾ ಇಲ್ವಾ?" ಅಂತ ಕೇಳಿದೆ.

"ನಂಗದು ಹತ್ತಲ್ಲ ಬಿಡೋ ಮಾರಾಯಾ. ಈ ವಯಸ್ಸಲ್ಲಿ ಒಂದನೇ ಕ್ಲಾಸಲ್ಲೇ ಫೇಲು" ಅಂದು ಪೇಪರ್ ಮಡಚಿ ಎದ್ದು ಹೋದರು.

ನನಗೆ ಚುರುಕ್ ಅಂತು. ಯಾಕೆಂದರೆ ಅಪ್ಪನಿಗೆ ಸಂಗೀತ ಹೊಸದೇನಲ್ಲ. ಅವರು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಹಾರ್ಮೋನಿಯಂ ಇದ್ದ ಮನೆಯಲ್ಲಿ. ಆ ಹಾರ್ಮೋನಿಯಂ ಈಗಲೂ ನಮ್ಮ ಅಟ್ಟದ ಮೇಲಿದೆ. ಅಂಥವರನ್ನು ಮೂರೇ ವಾರದಲ್ಲಿ ಫೇಲ್ ಮಾಡಿದ್ದು ನಾನು, ನಾನು ದುಡ್ಡು ಕಟ್ಟಿ ಹಾಕಿಕೊಟ್ಟ ಪಿಯಾನೋ ಆ್ಯಪು. ಹೆಸರು ಬೇಡ. ಅದನ್ನೇ ಬಳಸಿ ಚೆನ್ನಾಗಿ ಕಲಿತವರನ್ನು ನಾನು ನೋಡಿದ್ದೇನೆ, ತಪ್ಪು ಆರಿಸಿದವನದ್ದು. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ತಂತ್ರಜ್ಞಾನದ ಉತ್ತರವಲ್ಲ, ಇತಿಹಾಸ. ಅದನ್ನೇ ಇಲ್ಲಿ ಕೊರೆಯುತ್ತೇನೆ, ಸಹಿಸಿಕೊಳ್ಳಿ :)

ಮೊದಲು ಡೀಬಗ್ ಮಾಡಿದ ಕಥೆ. ಅವತ್ತು ಸಂಜೆ ಟವೆಲ್ ತೆಗೆದು, ಅಪ್ಪನನ್ನು ಕಾಡಿಸಿ ಕೂರಿಸಿ, ಪಕ್ಕದಲ್ಲಿ ಕೂತು ನೋಡಿದೆ. ಆ್ಯಪು "ಬಲಗೈ ಹೆಬ್ಬೆರಳು ಮಿಡ್ಲ್ ಸಿ ಮೇಲೆ ಇಡಿ" ಅಂತು. ಅಪ್ಪ ಒಂದು ಕ್ಷಣ ಯೋಚಿಸಿ, ಅದರ ಪಕ್ಕದ ಕಪ್ಪು ಮನೆ ಒತ್ತಿದರು. ಕೆಂಪು ಗುರುತು. ಮತ್ತೆ ಅದೇ ಕಪ್ಪು. ಮತ್ತೆ ಕೆಂಪು.

"ಅಪ್ಪಾ, ಪಕ್ಕದ ಬಿಳೀದು."

"ಅದು ಯಾರ ಸ? ನನ್ನ ಸ ಇಲ್ಲಿ" ಅಂದರು.

ಅಪ್ಪ ಹಾಡೋದು ಕರಿ ಒಂದರಲ್ಲಿ. ಅಂದರೆ ಸಿ ಶಾರ್ಪ್. ಹಾರ್ಮೋನಿಯಂ ಬಲ್ಲವರಿಗೆ ಈ ಲೆಕ್ಕ ಗೊತ್ತು: ಬಿಳಿ ಒಂದು, ಕರಿ ಒಂದು, ಬಿಳಿ ಎರಡು ಅಂತ ಮನೆಯ ಬಣ್ಣವೇ ಹಾಡುವವರ ಶ್ರುತಿಯ ಹೆಸರು. ಕರ್ನಾಟಕ ಸಂಗೀತದವರು ಇದನ್ನೇ ಒಂದು ಮನೆ, ಒಂದೂವರೆ ಮನೆ ಅನ್ನುತ್ತಾರೆ. ನಮ್ಮಲ್ಲಿ ಸ ಅನ್ನೋದು ಒಂದು ಜಾಗವಲ್ಲ, ಹಾಡುವವನ ಗಂಟಲು ಎಲ್ಲಿ ನಿಂತಿದೆಯೋ ಅಲ್ಲಿ ಸ. ಆ್ಯಪಿಗೆ ಸಿ ಅಂದರೆ ಲೋಕದಲ್ಲೆಲ್ಲಾ ಒಂದೇ ಸಿ. ಗಣಕಯಂತ್ರದ ಭಾಷೆಯಲ್ಲಿ ಹೇಳುವುದಾದರೆ 1983ರಲ್ಲಿ ಬಂದ ಮಿಡಿ ಸ್ಟ್ಯಾಂಡರ್ಡಿನಲ್ಲಿ ಮಿಡ್ಲ್ ಸಿಯ ನಂಬರ್ 60. ಅಪ್ಪ ಒತ್ತುತ್ತಿದ್ದದ್ದು 61. ನಮ್ಮ ವೃತ್ತಿಯ ಅತಿ ಪುರಾತನ ಬಗ್, ಒಂದರ ವ್ಯತ್ಯಾಸದ ತಪ್ಪು! ಅದರಲ್ಲಿ ತಪ್ಪು ಯಾರದ್ದು ಅನ್ನೋದೇ ಪ್ರಶ್ನೆ.

ಬುದ್ಧಿವಂತ ಇಂಜಿನಿಯರ್ ನಾನು, ತಕ್ಷಣ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಒಂದು ಸೇರಿಸಿಬಿಟ್ಟೆ. ಈಗ ಬಿಳಿ ಒಂದು ಒತ್ತಿದರೆ ಕರಿ ಒಂದರ ಸದ್ದು. ಅಪ್ಪ ನಾಲ್ಕು ಸ್ವರ ನುಡಿಸಿ ಕೈ ತೆಗೆದರು. "ಕಿವಿ ಕರಿ ಮೇಲಿದೆ, ಕೈ ಬಿಳಿ ಮೇಲಿದೆ. ತಲೆ ತಿರುಗುತ್ತೆ" ಅಂದರು. ಅವರ ಬೆರಳಿಗೆ ಕರಿ ಒಂದರಿಂದ ಹೊರಡುವ ದಾರಿಯ ಏರಿಳಿತ ಐವತ್ತು ವರ್ಷದಿಂದ ಗೊತ್ತು. ಅದನ್ನು ಒಂದು ಬಟನ್ ಒತ್ತಿ ಅಳಿಸೋಕಾಗಲ್ಲ.

ಆ ದಾರಿ ಬಂದದ್ದು ಎಲ್ಲಿಂದ ಅಂತ ಸ್ವಲ್ಪ ಹಿಂದಕ್ಕೆ ಹೋಗೋಣ.

ಹಾರ್ಮೋನಿಯಂ ನಮ್ಮದಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೈನ್ 1840ರ ಆಸುಪಾಸಿನಲ್ಲಿ ಅದಕ್ಕೆ ಪೇಟೆಂಟ್ ತೆಗೆದ. ಆದರೆ ಅವನದ್ದು ಕುರ್ಚಿಯ ಮೇಲೆ ಕೂತು ಕಾಲಲ್ಲಿ ತಿದಿ ತುಳಿಯುವ ವಾದ್ಯ. ಎರಡೂ ಕೈ ಖಾಲಿ, ಪಿಯಾನೋದ ಹಾಗೆ ಎರಡೂ ಕೈಯಲ್ಲಿ ನುಡಿಸಬಹುದು. ಅದು ಮಿಷನರಿಗಳ ಜೊತೆ, ಸಾಹೇಬರ ಜೊತೆ ಇಲ್ಲಿಗೆ ಬಂತು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವ ಪೆಟ್ಟಿಗೆ ಮಾಡಿದರು. ತಿದಿ ಹಿಂದಕ್ಕೆ ಬಂತು, ಕಾಲಿನ ಕೆಲಸ ಎಡಗೈಗೆ ಬಂತು. ನಮ್ಮ ಸಂಗೀತಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ. ರಾಗ ನಡೆಯೋದು ಒಂದೇ ಎಳೆಯಲ್ಲಿ, ಅದಕ್ಕೆ ಒಂದು ಕೈ ಸಾಕು. ಪೆಟ್ಟಿಗೆ ಅಗ್ಗ, ಹಗುರ, ಶ್ರುತಿ ಮಾಡುವ ಗೋಜಿಲ್ಲ. ಐವತ್ತು ವರ್ಷದೊಳಗೆ ಭಜನೆ ಮನೆ, ಕೀರ್ತನೆ, ನಾಟಕದ ಕಂಪನಿ ಎಲ್ಲಾ ಕಡೆ ಹೊಕ್ಕಿತು. ಆದರೆ ಅಂದಿನಿಂದ ಹಾರ್ಮೋನಿಯಂ ನುಡಿಸುವವರ ಎಡಗೈ ಗಾಳಿ ಹಾಕುವ ಕೈಯಾಗಿಯೇ ಉಳಿಯಿತು. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಮಾತ್ರ ಇದಕ್ಕೆ ಅಪವಾದ. ಅದನ್ನು ನುಡಿಸುವವರಿಗೆ ಎರಡೂ ಕೈಗೆ ಬಿಡುವು.

ಭದ್ರಾವತಿ ಊರಿನ ಹಳೇ ಹೆಸರು ಬೆಂಕಿಪುರ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಕೆಲಸ ಶುರುವಾಗಿ, 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಸೌದೆ ನಮ್ಮ ಮಲೆನಾಡಿನ ಕಾಡಿಂದ, ಕೆಲಸಗಾರರು ಎಲ್ಲ ಕಡೆಯಿಂದ. ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂತು. ಬೇರೆ ಬೇರೆ ಊರಿನವರು ಶಿಫ್ಟಿನ ಲೆಕ್ಕದಲ್ಲಿ ಒಟ್ಟಿಗೆ ಬದುಕುವ ಊರಿನಲ್ಲಿ ಸಂಜೆಗೆ ಏನು ಮಾಡುತ್ತಾರೆ? ಭಜನೆ, ಕ್ರಿಕೆಟ್ಟು, ನಾಟಕ. ನಮ್ಮಜ್ಜ ಕಾರ್ಖಾನೆಯಲ್ಲಿ ಫಿಟ್ಟರು, ಗಣೇಶೋತ್ಸವ ಬಂದರೆ ಹಾರ್ಮೋನಿಯಂ ಮೇಷ್ಟ್ರ ಬಲಗೈ ಬಂಟ. ಮೇಷ್ಟ್ರು ಬಾರದ ದಿನ ಇವರೇ ಮೇಷ್ಟ್ರು.

ಹಾರ್ಮೋನಿಯಂ ಮೇಷ್ಟ್ರು ಅನ್ನುವ ಹುದ್ದೆಯ ಬಗ್ಗೆ ಯಾರಾದರೂ ಒಂದು ಪುಸ್ತಕವನ್ನೇ ಬರೆಯಬೇಕು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಈಗಲೂ ಕುರುಕ್ಷೇತ್ರ ನಾಟಕ ಕಲಿಸುವವರು ಇವರೇ. ಎದುರಿಗೆ ಕೂತವರು ರೈತರು, ಲಾರಿ ಡ್ರೈವರುಗಳು, ಕಾರ್ಖಾನೆಯ ನೌಕರರು. ಕೆಲವರಿಗೆ ಓದು ಬರುತ್ತೆ, ಕೆಲವರಿಗೆ ಇಲ್ಲ. ಸ್ವರಲಿಪಿಯಂತೂ ಯಾರಿಗೂ ಬೇಡ. ಎರಡು ಮೂರು ತಿಂಗಳಲ್ಲಿ ಅವರ ಬಾಯಿಂದ ಕಂದ, ವೃತ್ತ, ಮಟ್ಟುಗಳನ್ನು ಹೊರಡಿಸಬೇಕು. ಮೇಷ್ಟ್ರು ಮೊದಲು ಮಾಡುವ ಕೆಲಸ ಏನು ಗೊತ್ತಾ? ಪಾತ್ರಧಾರಿಯ ಗಂಟಲಿಗೆ ಮನೆ ಹುಡುಕೋದು. ಭೀಮನಿಗೆ ಇಲ್ಲಿ, ಕೃಷ್ಣನಿಗೆ ಅಲ್ಲಿ. ಆಮೇಲೆ ಒಂದು ಸಾಲು ಇವರು ಹಾಡೋದು, ಒಂದು ಸಾಲು ಅವರು ಹಾಡೋದು. ತಪ್ಪಿದ ಕಡೆ ನಿಲ್ಲಿಸಿ ಹಾರ್ಮೋನಿಯಂನಲ್ಲಿ ಆ ಒಂದು ಸ್ವರ ಗಟ್ಟಿಯಾಗಿ ಒತ್ತೋದು. ಯಾರಿಗೆ ಏಕಾಂತದಲ್ಲಿ ಹೇಳಿಕೊಡಬೇಕು, ಯಾರನ್ನು ಎಲ್ಲರೆದುರು ಗದರಿದರೆ ಸರಿಹೋಗುತ್ತಾನೆ ಅನ್ನೋದೂ ಅವರಿಗೆ ಗೊತ್ತು. ಈಗ ದೊಡ್ಡ ದೊಡ್ಡ ಕಂಪನಿಗಳು ಪರ್ಸನಲೈಸ್ಡ್ ಲರ್ನಿಂಗ್ ಅಂತ ಮಾರುವ ಸರಕು ಅಲ್ಲಿ ಚಾಪೆ ಮೇಲೆ ಕೂತು ನಡೆಯುತ್ತಿತ್ತು.

ಅಪ್ಪ ಆ ಚಾಪೆಯ ತುದಿಯಲ್ಲಿ ಬೆಳೆದವರು. ಏಳೆಂಟು ವರ್ಷದ ಹುಡುಗ. ಅಜ್ಜನಿಗೆ ಕಾಲು ಹಾರ್ಮೋನಿಯಂ ಮೇಲೆ ಆಸೆ, ಕೊಳ್ಳೋಕೆ ದುಡ್ಡಿಲ್ಲ. ಹಾಗಾಗಿ ಪೆಟ್ಟಿಗೆಯ ಹಿಂದೆ ಅಪ್ಪನನ್ನು ಕೂರಿಸಿ "ಒತ್ತೋ" ಅನ್ನುತ್ತಿದ್ದರಂತೆ. ಮಗ ತಿದಿ ಒತ್ತಿದರೆ ಅಜ್ಜ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಇಡೀ ಊರೇ ಗಾಳಿ ಊದಿ ಬದುಕುವ ಊರು, ಕುಲುಮೆಗೂ ಗಾಳಿ, ಸಂಗೀತಕ್ಕೂ ಗಾಳಿ ಅಂತ ಅಪ್ಪ ಆಗಾಗ ಹೇಳುವುದುಂಟು. ಮುಂದೆ ಬಲಗೈಯಲ್ಲಿ ತಾವೂ ಒಂದಿಷ್ಟು ಕಲಿತರು. ಕೆಲಸ, ಮದುವೆ, ಶಿವಮೊಗ್ಗದ ಮನೆ, ಅಕ್ಕನ ಓದು, ನನ್ನ ಇಂಜಿನಿಯರಿಂಗ್ ಫೀಸು.. ಪೆಟ್ಟಿಗೆ ಅಟ್ಟ ಸೇರಿತು.

ಇಲ್ಲಿ ಒಂದು ವಿಚಿತ್ರ ಇದೆ. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1965ರಲ್ಲಿ. ಮನೆಮನೆಯಲ್ಲೂ ಅದೇ. ಆದರೆ ಆ ರೇಡಿಯೋದ ಶಾಸ್ತ್ರೀಯ ಸಂಗೀತದಲ್ಲಿ ಆಗ ಹಾರ್ಮೋನಿಯಂ ಇರಲಿಲ್ಲ. ಅದು ಭದ್ರಾವತಿಯವರ ತೀರ್ಮಾನ ಅಲ್ಲ, 1940ರ ಮಾರ್ಚ್ 1ರಿಂದ ಇಡೀ ದೇಶದ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ. ಆಗ ಆಕಾಶವಾಣಿಯ ಮುಖ್ಯಸ್ಥ ಲಯೊನೆಲ್ ಫೀಲ್ಡನ್. ಅದಕ್ಕೆ ಎರಡು ವರ್ಷ ಮೊದಲೇ ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ ಅನ್ನುವ ಇಂಗ್ಲಿಷ್ ಸಂಗೀತಗಾರ ಹಾರ್ಮೋನಿಯಂ ವಿರುದ್ಧ ಲೇಖನ ಬರೆದಿದ್ದರು. ರವೀಂದ್ರನಾಥ ಠಾಕೂರರೂ ಅದನ್ನು ಒಪ್ಪುತ್ತಿರಲಿಲ್ಲ. ವಾದ ಏನೆಂದರೆ, ಹಾರ್ಮೋನಿಯಂನ ಸ್ವರಗಳು ಗೂಟ ಹೊಡೆದ ಹಾಗೆ ನಿಂತವು. ಒಂದರಿಂದ ಇನ್ನೊಂದಕ್ಕೆ ಜಾರೋಕೆ ಆಗಲ್ಲ, ಗಮಕ ಇಲ್ಲ, ಮೀಂಡ್ ಇಲ್ಲ. ಹನ್ನೆರಡು ಸಮಪಾಲಿನ ಮನೆಗಳಲ್ಲಿ ನಮ್ಮ ಶ್ರುತಿಗಳು ಕೂರಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ದೊಡ್ಡ ದೊಡ್ಡ ಗಾಯಕರು ಸಭೆಯಲ್ಲಿ ಪಕ್ಕದಲ್ಲೇ ಹಾರ್ಮೋನಿಯಂ ಇಟ್ಟುಕೊಂಡು ಹಾಡಿ, ರೇಡಿಯೋಕ್ಕೆ ಬಂದಾಗ ಸಾರಂಗಿ, ಪಿಟೀಲು ಅಂತ ಹುಡುಕಬೇಕಾಗುತ್ತಿತ್ತು. ನಿಷೇಧ ಷರತ್ತುಗಳೊಂದಿಗೆ ಸಡಿಲವಾದದ್ದು 1971ರಲ್ಲಿ. ಅಜ್ಜ ಸಂಜೆ ರೇಡಿಯೋ ಕೇಳಿಕೊಂಡು, ಅದರಲ್ಲಿ ಇಲ್ಲದ ವಾದ್ಯವನ್ನು ಪಕ್ಕದಲ್ಲಿ ಇಟ್ಟುಕೊಂಡು, ಅದರ ಜೊತೆಗೇ ನುಡಿಸುತ್ತಿದ್ದರಂತೆ! ಕರವೋಕೆಗೂ ಮೊದಲಿನ ಕರವೋಕೆ ಅನ್ನಿ. ನಮ್ಮ ಮನೆಯ ಮೊದಲ ದೂರಪಾಠ ಅದೇ.

ಗುರು ಒಂದೂರಲ್ಲಿ, ಶಿಷ್ಯ ಇನ್ನೊಂದೂರಲ್ಲಿ ಅನ್ನೋದು ಕೋವಿಡ್ ಬಂದಮೇಲೆ ಹುಟ್ಟಿದ್ದಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜು 1870ರ ದಶಕದಲ್ಲೇ ತನ್ನ ಗೋಡೆಯ ಹೊರಗಿನವರಿಗೆ ಸಂಗೀತ ಪರೀಕ್ಷೆ ಶುರು ಮಾಡಿತು. ಪಠ್ಯ ಹಡಗಿನಲ್ಲಿ ಬರುತ್ತಿತ್ತು, ಆಮೇಲೆ ಪರೀಕ್ಷಕರೂ ಹಡಗಿನಲ್ಲೇ ಬರುತ್ತಿದ್ದರು. ಅಮೆರಿಕದಲ್ಲಿ ಯು.ಎಸ್. ಸ್ಕೂಲ್ ಆಫ್ ಮ್ಯೂಸಿಕ್ ಅನ್ನುವ ಸಂಸ್ಥೆ ಅಂಚೆಯಲ್ಲೇ ಪಿಯಾನೋ ಕಲಿಸುತ್ತಿತ್ತು. ಇತ್ತ ಭದ್ರಾವತಿಯ ಕುಲುಮೆ ಹೊಸದಾಗಿ ಉರಿಯುತ್ತಿದ್ದ ಆ ವರ್ಷಗಳಲ್ಲೇ ಅತ್ತ ಆ ಸಂಸ್ಥೆಗೆ ಜಾನ್ ಕೇಪಲ್ಸ್ ಅನ್ನುವ ಹುಡುಗ ಒಂದು ಜಾಹೀರಾತು ಬರೆದ. ಪಾರ್ಟಿಯಲ್ಲಿ ಒಬ್ಬ ಪಿಯಾನೋ ಮುಂದೆ ಕೂತಾಗ ಎಲ್ಲರೂ ನಗ್ತಾರೆ, ನುಡಿಸಿದಾಗ ಬೆರಗಾಗ್ತಾರೆ, ಗುರುವಿಲ್ಲದೆ ಮನೆಯಲ್ಲೇ ಕಲಿತದ್ದು ಅಂತ ಅವನು ಹೇಳ್ತಾನೆ. ಜಾಹೀರಾತು ಕಲಿಯುವವರಿಗೆಲ್ಲ ಅದು ಇವತ್ತಿಗೂ ಪಾಠ. ಈಗ ಯೂಟ್ಯೂಬ್ ವಿಡಿಯೋ ನಡುವೆ ಬರುವ ಪಿಯಾನೋ ಆ್ಯಪಿನ ಜಾಹೀರಾತು ನೋಡಿ, ನೂರು ವರ್ಷದಿಂದ ಅದೇ ಕಥೆ. ನಗುವವರ ಬಟ್ಟೆ ಮಾತ್ರ ಬದಲಾಗಿದೆ.

ನಮ್ಮ ನಾಡಿನಲ್ಲಿ ಪಿಯಾನೋದ ಮಾತು ಬಂದರೆ ಮೈಸೂರು ಅರಮನೆ ಬಿಟ್ಟು ಮುಂದಕ್ಕೆ ಹೋಗೋಕಾಗಲ್ಲ. ಜಯಚಾಮರಾಜ ಒಡೆಯರ್ (1919-1974) ಮೈಸೂರಿನ ಗುಡ್ ಶೆಪರ್ಡ್ ಕಾನ್ವೆಂಟಿನ ಸಿಸ್ಟರ್ ಇಗ್ನೇಷಿಯಸ್ ಹತ್ತಿರ ಪಿಯಾನೋ ಕಲಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು, 1945ರಲ್ಲಿ ಟ್ರಿನಿಟಿ ಕಾಲೇಜು ಗೌರವ ಫೆಲೋಶಿಪ್ ಕೊಟ್ಟಿತು. ಪಿಯಾನೋ ಕಛೇರಿ ಕೊಡುವ ಕಲಾವಿದನಾಗಬೇಕು ಅನ್ನೋದು ಅವರ ಆಸೆಯಾಗಿತ್ತು. 1940ರಲ್ಲಿ ಒಂದೇ ವರ್ಷದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡು, ಪಿಯಾನೋ ಮುಂದೆ ಕೂರಬೇಕಿದ್ದವರು ಸಿಂಹಾಸನದ ಮೇಲೆ ಕೂತರು. ಆಸೆ ಬೇರೆ ದಾರಿ ಹಿಡಿಯಿತು. ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ವಯಸ್ಸಾಗಿ ಯಾರೂ ಕೇಳದೆ ಇದ್ದಾಗ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋವನ್ನು ಇವರಿಗೆ ಅರ್ಪಿಸಿದರು. ಮೈಸೂರಿನ ದುಡ್ಡಿಲ್ಲದಿದ್ದರೆ ಆ ಮುದುಕನ ಬೆರಳಿನ ಸದ್ದು ಇವತ್ತು ನಮಗೆ ಇಷ್ಟು ಸಿಗುತ್ತಿರಲಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಇದೇ ಮಹಾರಾಜರು ವೀಣೆ ವೆಂಕಟಗಿರಿಯಪ್ಪನವರ ಬಳಿ ವೀಣೆಯನ್ನೂ ಕಲಿತರು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಹಾಳೆ ನೋಡಿ ನುಡಿಸೋ ಪಿಯಾನೋ, ಗುರುವಿನ ಎದುರು ಕೂತು ಕೇಳಿ ಕಲಿಯೋ ವೀಣೆ. ಒಬ್ಬನೇ ಮನುಷ್ಯ ಎರಡು ಬಗೆಯ ವಿದ್ಯಾರ್ಥಿ. ಹಾಗಾದರೆ ಅವರನ್ನು 'ಕಣ್ಣಿನ ವಿದ್ಯಾರ್ಥಿ' ಅನ್ನಬೇಕೋ, 'ಕಿವಿಯ ವಿದ್ಯಾರ್ಥಿ' ಅನ್ನಬೇಕೋ?

ಇದನ್ನು ಕೇಳೋಕೆ ಕಾರಣ ಇದೆ. ಆನ್‌ಲೈನ್ ಪಿಯಾನೋ ಪಾಠ ಹುಡುಕೋಕೆ ಕೂತರೆ ಹತ್ತರಲ್ಲಿ ಎಂಟು ಕಡೆ ಮೊದಲು ಒಂದು ಕ್ವಿಜ್ ಕೊಡ್ತಾರೆ: ನೀವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಮಾಡಿ ಕಲಿಯುವವರೋ? ನಾನೂ ಅಪ್ಪನ ಪರವಾಗಿ ಒತ್ತಿದ್ದೆ, 'ನೋಡಿ' ಅಂತ ಬಂತು. (ಅಪ್ಪ ದಿನವಿಡೀ ಟಿವಿ ನೋಡ್ತಾರಲ್ಲ, ಅದಕ್ಕೇ ಇರಬೇಕು.) 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು ಈ ವಿಷಯದ ಅಧ್ಯಯನಗಳನ್ನೆಲ್ಲಾ ಜಾಲಾಡಿ, ಇಂಥ ಬಗೆಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆಯೇ ಇಲ್ಲ ಅಂತ ಬರೆದರು. ಹಾಗಂತ ಎಲ್ಲರಿಗೂ ಒಂದೇ ಪಾಠ ಸಾಕು ಅಂತಲ್ಲ. ಈಗಾಗಲೇ ಏನು ಗೊತ್ತಿದೆ, ಯಾತಕ್ಕಾಗಿ ಕಲಿಯುತ್ತಿದ್ದಾರೆ, ತಪ್ಪಿದಾಗ ಪಕ್ಕದಲ್ಲಿ ಯಾರಿರುತ್ತಾರೆ ಅನ್ನೋದರ ಮೇಲೆ ಪಾಠ ಬದಲಾಗಬೇಕು. ನಾನು ಅಪ್ಪನ ಕಣ್ಣು ಕಿವಿ ವಿಚಾರಿಸಿದೆ, ಅವರ ಇತಿಹಾಸ ವಿಚಾರಿಸಲಿಲ್ಲ. ಆ್ಯಪಿನ ಲೆಕ್ಕದಲ್ಲಿ ಅಪ್ಪ ಸೊನ್ನೆಯಿಂದ ಶುರು ಮಾಡುವವರು. ನಿಜದಲ್ಲಿ ಅವರ ಬಲಗೈಗೆ ಐವತ್ತು ವರ್ಷ, ಎಡಗೈಗೆ ಸೊನ್ನೆ. ಅಲ್ಲ, ಸೊನ್ನೆಗಿಂತ ಕಷ್ಟ. ಅದಕ್ಕೆ ಬೇರೆಯೇ ಒಂದು ಕೆಲಸ ಅಭ್ಯಾಸವಾಗಿ ಕೂತಿದೆ.

ನಮ್ಮ ಮನೆಯಲ್ಲಿ ಈಗ ಕಲಿಯುವವರು ಮೂವರು. ಅಪ್ಪ, ಅಕ್ಕನ ಮಗಳು ಪುಟ್ಟಿ, ಮತ್ತೆ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ನಾನು.

ನನ್ನದು ಬೇಗ ಮುಗಿಸುತ್ತೇನೆ. ನಾನು ಪರೀಕ್ಷೆ ಇದ್ದರೆ ಮಾತ್ರ ಓದುವ ಜಾತಿ, ಹಿಂದಿನ ರಾತ್ರಿ ಕೂತು ನಾಲ್ಕು ವರ್ಷ ಇಂಜಿನಿಯರಿಂಗ್ ಪಾಸು ಮಾಡಿದವನು. ನನಗೆ ಸಿಲಬಸ್ ಬೇಕು, ತಾರೀಕು ಬೇಕು, ಸರ್ಟಿಫಿಕೇಟ್ ಬೇಕು. 2020ರಿಂದ ಟ್ರಿನಿಟಿಯವರು ನುಡಿಸಿದ್ದನ್ನು ವಿಡಿಯೋ ಮಾಡಿ ಕಳಿಸುವ ಡಿಜಿಟಲ್ ಪರೀಕ್ಷೆ ನಡೆಸುತ್ತಿದ್ದಾರೆ. ಹಡಗಿನಲ್ಲಿ ಬರುತ್ತಿದ್ದ ಪರೀಕ್ಷಕರು ಈಗ ಅಪ್‌ಲೋಡ್ ಬಟನ್ನಿನ ಆಚೆ ಕೂತಿದ್ದಾರೆ. ಸಂಗೀತ ಗೊತ್ತಿಲ್ಲದ, ಹಳೇ ಅಭ್ಯಾಸವೂ ಇಲ್ಲದ, ಸಂಜೆ ಅರ್ಧ ಗಂಟೆ ಸಿಗುವ ನನ್ನಂಥವರಿಗೆ ಸ್ಟಾಫ್ ನೊಟೇಶನ್ ಪುಸ್ತಕ, ಅದರ ಜೊತೆ ಕ್ರಮವಾಗಿ ಹೋಗುವ ವಿಡಿಯೋ ಪಾಠ ಚೆನ್ನಾಗಿಯೇ ಕೆಲಸ ಮಾಡುತ್ತೆ. ಮೇಲಿಂದ ಬಣ್ಣದ ಪಟ್ಟಿ ಬೀಳುವ ವಿಡಿಯೋಗಳಿವೆಯಲ್ಲ, ಅವನ್ನು ನಾನು ಬಿಟ್ಟೆ. ಅದರಲ್ಲಿ ಒಂದು ಹಾಡು ಬರುತ್ತೆ, ಎರಡನೇ ಹಾಡಿಗೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪಟ್ಟಿ ಹಿಂಬಾಲಿಸೋಕೆ ಕಲಿತಿರುತ್ತೇವೆಯೇ ಹೊರತು ಹಾಡನ್ನಲ್ಲ.

ಪುಟ್ಟಿಗೆ ಎಂಟು ವರ್ಷ. ಶಿವಮೊಗ್ಗದಲ್ಲೇ ಪಕ್ಕದ ಬೀದಿಯ ಟೀಚರ ಹತ್ತಿರ ಕರ್ನಾಟಕ ಸಂಗೀತಕ್ಕೆ ಹೋಗ್ತಾಳೆ, ಸರಳೆ, ಜಂಟಿ ಮುಗಿದಿದೆ. ಅಂದರೆ ಮಾಯಾಮಾಳವಗೌಳ ಬಾಯಿಗೆ ಬಂದಿದೆ. ಅದನ್ನು ಕೀಬೋರ್ಡಿನಲ್ಲಿ ಬಿಳಿ ಒಂದರಿಂದ ಹಿಡಿದರೆ ರಿ ಮತ್ತು ಧ ಕಪ್ಪಿಗೆ ಬರುತ್ತವೆ. ಪಿಯಾನೋ ಪಾಠಗಳು ಶುರುವಾಗೋದು ಬರೀ ಬಿಳಿ ಮನೆಗಳಲ್ಲಿ, ನಮ್ಮ ಲೆಕ್ಕದಲ್ಲಿ ಶಂಕರಾಭರಣದಲ್ಲಿ. ಪುಟ್ಟಿ ಮೊದಲ ದಿನವೇ "ಮಾಮಾ, ಇವರ ರಿ ತಪ್ಪು" ಅಂತ ತೀರ್ಪು ಕೊಟ್ಟಳು :) ಅವಳಿಗೆ ಹೊಂದಿದ್ದು ಹಾಫ್‌ಮನ್ ಅಕಾಡೆಮಿಯ ವಿಡಿಯೋಗಳು. ಅದರಲ್ಲಿ ಮಕ್ಕಳ ಕೈಲಿ ಮೊದಲು ಡೋ ರೇ ಮಿ ಹಾಡಿಸಿ, ಕಿವಿಗೆ ಕೂರಿಸಿ, ಆಮೇಲೆ ಓದೋದನ್ನು ಕಲಿಸ್ತಾರೆ. ಜಪಾನಿನ ಶಿನಿಚಿ ಸುಜುಕಿ ಹೇಳಿದ್ದೂ ಇದೇ, ಮಗು ಮಾತು ಕಲಿತ ಮೇಲೆ ಅಕ್ಷರ ಕಲಿಯೋ ಹಾಗೆ ಸಂಗೀತವೂ. ಸುಜುಕಿ ಇನ್ನೊಂದು ಮಾತು ಸೇರಿಸುತ್ತಿದ್ದರು: ಪಕ್ಕದಲ್ಲಿ ಅಪ್ಪನೋ ಅಮ್ಮನೋ ಕೂರಬೇಕು. ಅದು ಸತ್ಯ. ಅಕ್ಕ ಪಕ್ಕದಲ್ಲಿ ಕೂತ ದಿನ ಇಪ್ಪತ್ತು ನಿಮಿಷ ಪಾಠ, ಟ್ಯಾಬ್ ಕೊಟ್ಟು ಅಡುಗೆಮನೆಗೆ ಹೋದ ದಿನ ಇಪ್ಪತ್ತು ನಿಮಿಷ ಕಾರ್ಟೂನು.

ಅಪ್ಪನದ್ದೇ ಉಳಿದದ್ದು. ಅವರಿಗೆ ಸ್ಟಾಫ್ ನೊಟೇಶನ್ ಕಲಿಸೋಣ ಅಂತ ದೊಡ್ಡಕ್ಷರದ ಪುಸ್ತಕ ತರಿಸಿದೆ. ಕಣ್ಣಿಗೆ ಐದು ಗೆರೆ ಒಂದರೊಳಗೊಂದು ಸೇರಿಹೋಗ್ತಾವೆ ಅಂದರು. ಅಟ್ಟದ ಪೆಟ್ಟಿಗೆ ಇಳಿಸಿದೆ, ನೋಡಿದರೆ ಅದರ ಮನೆಗಳ ಮೇಲೆ ಅಜ್ಜ ಅಂಟಿಸಿದ್ದ 1, 2, 3 ಚೀಟಿಗಳ ಕಲೆ. ಆ ಕಾಲದ ಹಾರ್ಮೋನಿಯಂ ಗೈಡುಗಳು ಹಾಗೆ ನಂಬರ್ ಹಾಕಿ ಸಿನಿಮಾ ಹಾಡು ಕಲಿಸುತ್ತಿದ್ದವು. ಅಲ್ಲಿಗೆ ಗುರುವಿಲ್ಲದ ಪಾಠ ನಮ್ಮಜ್ಜನೂ ಪಡೆದಿದ್ದರು! ಆದರೆ ಅಪ್ಪ ಹೇಳಿದರು, "ಚೀಟಿ ಅಂಟಿಸಿದ್ದು ಒಂದು ತಿಂಗಳು ಅಷ್ಟೇ. ಮೇಷ್ಟ್ರು ಬಂದು ನೋಡಿ ಉಗುರಲ್ಲಿ ಕಿತ್ತು ಹಾಕಿದ್ರು."

ಗದಗಿನ ವೀರೇಶ್ವರ ಪುಣ್ಯಾಶ್ರಮದ ನೆನಪಾಯಿತು. ಪಂಚಾಕ್ಷರಿ ಗವಾಯಿಗಳು (1892-1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010), ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ಹಾರ್ಮೋನಿಯಂ, ತಬಲಾ, ಪಿಟೀಲು ಕಲಿತು ಹೊರಬಂದರು. ಗೆರೆಯೂ ಇಲ್ಲ, ಚೀಟಿಯೂ ಇಲ್ಲ. ಒಬ್ಬ ಹೇಳಬೇಕು, ಒಬ್ಬ ಕೇಳಿ ತಿರುಗಿ ಹೇಳಬೇಕು. ಅಪ್ಪನಿಗೆ ಬೇಕಾದದ್ದು ಅದೇ ಅಂತ ಹೊಳೆಯೋಕೆ ನನಗೆ ಎರಡು ಆ್ಯಪು, ಒಂದು ಪುಸ್ತಕ ಬೇಕಾಯಿತು.

ಹುಡುಕಿ ಹುಡುಕಿ ಒಬ್ಬ ಮೇಷ್ಟ್ರನ್ನು ಹಿಡಿದೆ. ಮೂಲತಃ ಹಾರ್ಮೋನಿಯಂನವರು, ಈಗ ಕೀಬೋರ್ಡ್ ಕಲಿಸ್ತಾರೆ, ವಾರಕ್ಕೆ ಎರಡು ದಿನ ವಿಡಿಯೋ ಕಾಲ್. ಮೊದಲ ತರಗತಿ ಪೂರ್ತಿ ಗೋಳು. ಅಪ್ಪ ಸ ಹಿಡಿದು ನಿಂತರೆ ಆ ಕಡೆ ಎರಡು ಸೆಕೆಂಡಿಗೆ ಸದ್ದೇ ಮಾಯ. ಎಡೆಬಿಡದೆ ಒಂದೇ ಸಮ ಬರುವ ಸದ್ದನ್ನು ಈ ವಿಡಿಯೋ ಕಾಲ್ ತಂತ್ರಾಂಶಗಳು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತವೆ. ನಮ್ಮ ತಂಬೂರಿ, ಹಾರ್ಮೋನಿಯಂ ಎಲ್ಲಾ ಅವುಗಳ ಕಿವಿಗೆ ಬರೀ ಗಲಾಟೆ. 1940ರ ನಿಷೇಧ ಇನ್ನೊಂದು ವೇಷದಲ್ಲಿ ವಾಪಸ್ ಬಂದಿದೆ ಅಂತ ನಗು ಬಂತು. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಿದ ಮೇಲೆ ಸರಿಹೋಯಿತು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಸಂಗೀತದ ಕ್ಲಾಸ್ ಹಾಕಿಸುವವರು ದಯವಿಟ್ಟು ಇದೊಂದನ್ನು ಮೊದಲೇ ಮಾಡಿಕೊಡಿ.

ಇನ್ನೊಂದು ತೊಂದರೆ, ಸದ್ದು ಆ ಕಡೆ ಮುಟ್ಟೋಕೆ ಆಗುವ ತಡ. ಹಾಗಾಗಿ ಆನ್‌ಲೈನಿನಲ್ಲಿ ಗುರು ಶಿಷ್ಯ ಒಟ್ಟಿಗೆ ನುಡಿಸೋಕೆ ಆಗೋದೇ ಇಲ್ಲ, ತಾಳ ಕಲಸಿಹೋಗುತ್ತೆ. ಪಾಶ್ಚಾತ್ಯ ಪಿಯಾನೋ ಟೀಚರುಗಳು ಇದನ್ನೇ ದೊಡ್ಡ ಕೊರತೆ ಅಂತ ಗೊಣಗುತ್ತಾರೆ. ನಮ್ಮ ಮೇಷ್ಟ್ರಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದು ಸಾಲು ಅವರು, ಒಂದು ಸಾಲು ಅಪ್ಪ. ನಡುವೆ ಅರ್ಧ ಸೆಕೆಂಡ್ ತಡವಾದರೆ ಉಸಿರು ತಗೊಂಡ ಹಾಗೆ. ಭದ್ರಾವತಿಯ ಚಾಪೆಯ ಪದ್ಧತಿ ಇಂಟರ್‌ನೆಟ್ಟಿಗಾಗಿಯೇ ಮಾಡಿಟ್ಟ ಹಾಗಿದೆ.

ಮೇಷ್ಟ್ರು ಮೊದಲ ದಿನ ಕೇಳಿದ ಮೊದಲ ಪ್ರಶ್ನೆ, "ಸ ಎಲ್ಲಿಟ್ಕೊಳ್ತೀರಿ ಸಾರ್?"

"ಕರಿ ಒಂದು" ಅಂದರು ಅಪ್ಪ. ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಫೋನಿನ ಸ್ಟ್ಯಾಂಡ್ ಹಿಡಿದುಕೊಂಡು ಹಿಂದೆ ನಿಂತಿದ್ದೆ, ಅವರ ಬೆನ್ನು ನೇರವಾದದ್ದು ಕಂಡಿತು.

ಎರಡನೇ ತಿಂಗಳಿಗೆ ಎಡಗೈಯ ಪಾಠ ಶುರುವಾಯಿತು. ಕಾರ್ಡು ಗೀರ್ಡು ಏನಿಲ್ಲ, ಬರೀ ಸ ಮತ್ತು ಪ ಒತ್ತಿ ಹಿಡಿಯೋದು, ತಂಬೂರಿಯ ಹಾಗೆ. ಅದೂ ಕಷ್ಟವೇ. ಹಾರ್ಮೋನಿಯಂನಲ್ಲಿ ಮನೆ ಎಷ್ಟು ಜೋರಾಗಿ ಒತ್ತಿದರೂ ಸದ್ದು ಒಂದೇ, ಜೋರು ಮೆಲು ಎಲ್ಲಾ ತಿದಿಯಲ್ಲಿ. ಪಿಯಾನೋದಲ್ಲಿ ಅದೆಲ್ಲಾ ಬೆರಳಿನ ಪೆಟ್ಟಿನಲ್ಲಿ, ಒತ್ತಿದ ಸದ್ದು ಕೂಡಲೇ ಕರಗೋಕೆ ಶುರುವಾಗುತ್ತೆ. ಜೋರಾಗಿ ಬೇಕು ಅನ್ನಿಸಿದಾಗೆಲ್ಲಾ ಅಪ್ಪನ ಎಡಗೈ ಗಾಳಿ ಹುಡುಕುತ್ತೆ.

ಕಳೆದ ಭಾನುವಾರ ವಿಡಿಯೋ ಕಾಲ್ ಮಾಡಿದ್ದೆ. ಅಪ್ಪ ಅಭ್ಯಾಸ ಮಾಡುತ್ತಿದ್ದರು, ಪಕ್ಕದಲ್ಲಿ ಪುಟ್ಟಿ ಕಾವಲು. ಬಲಗೈಯಲ್ಲಿ ಅಜ್ಜ ನುಡಿಸುತ್ತಿದ್ದ ಒಂದು ನಾಟಕದ ಮಟ್ಟು, ಎಡಗೈಯಲ್ಲಿ ಸ, ಪ. ಎರಡು ಸಾಲು ಚೆನ್ನಾಗಿಯೇ ಹೋಯಿತು. ಮೂರನೇ ಸಾಲು ಮೇಲಕ್ಕೆ ಏರುವ ಹೊತ್ತಿಗೆ ಎಡಗೈ ತಾನಾಗಿಯೇ ಎದ್ದು ಕೀಬೋರ್ಡಿನ ಹಿಂದಕ್ಕೆ ಹೋಗಿ, ಇಲ್ಲದ ತಿದಿಯನ್ನು ಒತ್ತತೊಡಗಿತು.

"ಅಜ್ಜಾ, ಗಾಳಿ ಹಾಕ್ಬೇಡ!" ಅಂತ ಪುಟ್ಟಿ ಕೂಗಿದಳು. ಅಪ್ಪ ಕೈ ನೋಡಿಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿದರು.

ಅಂದ ಹಾಗೆ ನಿಮ್ಮೂರಿನ ಯಾವುದಾದರೂ ನಾಟಕ ಸಂಘದಲ್ಲಿ ಇನ್ನೂ ನುಡಿಯುವ ಕಾಲು ಹಾರ್ಮೋನಿಯಂ ಇದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಅಪ್ಪನನ್ನು ಕರೆದುಕೊಂಡು ಬರ್ತೀನಿ.